ಖಿರ್ದಿಯೂ ಯಂತ್ರದ ದಾಖಲೆಯೂ

ಮಂಡಿಯ ಗುಮಾಸ್ತನು ಪ್ರತಿದಿನವೂ ಖಿರ್ದಿ ಬರೆದಿಡುವುದು ಲೆಕ್ಕವು ಸರಿಹೋದ ದಿನಗಳಿಗಾಗಿ ಅಲ್ಲ. ತಪ್ಪಿದ ದಿನ, ಎಲ್ಲಿ ತಪ್ಪಿತೆಂದು ಹುಡುಕುವುದಕ್ಕಾಗಿ. ಗಣಕಯಂತ್ರದ ತಂತ್ರಾಂಶವೂ ತಾನು ಮಾಡಿದ್ದನ್ನು ಹಾಗೆಯೇ ಬರೆದಿಡುತ್ತದೆ. ಅದಕ್ಕೆ ಲಾಗ್ ಎಂದು ಹೆಸರು. ಲಾಗ್ ಎಂದರೆ ಮರದ ತುಂಡು. ಪೂರ್ವದಲ್ಲಿ ನಾವಿಕರು ತುಂಡನ್ನು ಹಗ್ಗಕ್ಕೆ ಕಟ್ಟಿ ನೀರಿಗೆ ಬಿಟ್ಟು ಹಡಗಿನ ವೇಗವನ್ನಳೆದು ಪುಸ್ತಕದಲ್ಲಿ ಬರೆಯುತ್ತಿದ್ದರು. ತುಂಡಿನ ಹೆಸರು ಪುಸ್ತಕಕ್ಕೆ ಅಂಟಿಕೊಂಡಿತು.

ಮೈಸೂರಿನ ತರುಣನೊಬ್ಬನು ಸಹಕಾರ ಸಂಘವೊಂದರ ಲೆಕ್ಕಪತ್ರಗಳಿಗೆಂದು ಜಾವಾ ಭಾಷೆಯಲ್ಲಿ ತಂತ್ರಾಂಶವನ್ನು ರಚಿಸಲು ತೊಡಗಿದಾಗ, ಈ ಬರೆಹದ ಕೆಲಸವನ್ನು ಯಾವ ಲೈಬ್ರರಿಗೆ ಒಪ್ಪಿಸಬೇಕೆಂಬ ಪ್ರಶ್ನೆ ಎದ್ದಿತು. 2002ರಿಂದ ಜಾವಾದೊಡನೆಯೇ ಬರುವ ಸಲಕರಣೆಯೊಂದುಂಟು. ಅದು ಅವನಿಗೆ ಒರಟೆನಿಸಿತು. ಜೆಕಿ ಗುಲ್ಜು ಎಂಬವರು ಆರಂಭಿಸಿದ ಲಾಗ್‌ಫೋರ್‌ಜೆ ಬಹುಜನಪ್ರಿಯವಾದುದು. ಅದರ ಮೊದಲ ಸರಣಿಯ ಪೋಷಣೆ 2015ರಲ್ಲಿ ನಿಂತಿತು. 2014ರಲ್ಲಿ ಹೊರಬಂದ ಎರಡನೆಯ ಸರಣಿಯು ಅತಿವೇಗದ್ದು. ಗುಲ್ಜು ಅವರೇ ಮುಂದೆ ಲಾಗ್‌ಬ್ಯಾಕನ್ನೂ, ಯಾವ ಲೈಬ್ರರಿಗಾದರೂ ಮುಂಬಾಗಿಲಾಗಿ ನಿಲ್ಲಬಲ್ಲ ಎಸ್‌ಎಲ್‌ಎಫ್‌ಫೋರ್‌ಜೆಯನ್ನೂ ನಿರ್ಮಿಸಿದರು.

ತರುಣನು ವೇಗಕ್ಕೆ ಮನಸೋತನು. ದಿನಕ್ಕೆ ನಾಲ್ಕುನೂರು ರಸೀದಿ ಬರೆಯುವ ಸಂಘಕ್ಕೆ ಅಷ್ಟು ವೇಗವೇಕೆಂದು ಅವನು ಕೇಳಿಕೊಳ್ಳಲಿಲ್ಲ. ಹಿರಿಯ ಸಹೋದ್ಯೋಗಿಯೊಬ್ಬರು, "ನಿನಗೆ ಬೇಕಾದ್ದನ್ನೇ ಹಾಕಪ್ಪ, ಆದರೆ ಮುಂಬಾಗಿಲಿನಿಂದಲೇ ಮಾತಾಡು. ಒಳಗಿನವನನ್ನು ನಾಳೆ ಬದಲಾಯಿಸಬೇಕಾದೀತು" ಎಂದರು. ಅವನು ಅರೆಮನಸ್ಸಿನಿಂದ ಒಪ್ಪಿದನು.

2021ರ ಡಿಸೆಂಬರಿನಲ್ಲಿ ಲಾಗ್‌ಫೋರ್‌ಜೆಯ ದೋಷವು ಲೋಕಕ್ಕೆ ತಿಳಿಯಿತು. ಗುಮಾಸ್ತನು ತನಗೆ ಹೇಳಿದ್ದನ್ನು ಬರೆದುಕೊಳ್ಳಬೇಕಷ್ಟೆ. ಇವನಾದರೋ ಬರೆಯುವಾಗಲೇ ಓದಿ, ಓದಿದ್ದನ್ನು ಆಜ್ಞೆಯೆಂದು ಪಾಲಿಸುತ್ತಿದ್ದನು! ಅಪರಿಚಿತನು ತನ್ನ ಹೆಸರಿನ ಸ್ಥಾನದಲ್ಲಿ ಒಂದು ವಿಶಿಷ್ಟ ವಾಕ್ಯವನ್ನು ಕೊಟ್ಟರೆ ಸಾಕು. ಅದನ್ನು ಬರೆಯಹೊರಟ ಲೈಬ್ರರಿಯು ದೂರದ ಯಂತ್ರದಿಂದ ಅನ್ಯರ ಕ್ರಮವಿಧಿಯನ್ನು ತರಿಸಿ ನಡೆಸಿಬಿಡುತ್ತಿತ್ತು. ಅನುಕೂಲವೆಂದು 2013ರಲ್ಲಿ ಸೇರಿಸಿದ ಸೌಕರ್ಯವಿದು. ತೀವ್ರತೆಯ ಮಾಪನದಲ್ಲಿ ಇದಕ್ಕೆ ಹತ್ತಕ್ಕೆ ಹತ್ತು ಬಂದಿತು. ಬಿಡುವಿನ ವೇಳೆಯಲ್ಲಿ ದುಡಿಯುತ್ತಿದ್ದ ಕೆಲವೇ ಸ್ವಯಂಸೇವಕರು ಆ ತಿಂಗಳೊಳಗೆ ತಿದ್ದುಪಡಿಯ ಮೇಲೆ ತಿದ್ದುಪಡಿ ಹೊರಡಿಸಬೇಕಾಯಿತು. ಅವರನ್ನು ಬೈದವರಲ್ಲಿ ಎಷ್ಟು ಮಂದಿ ಅದುವರೆಗೆ ಅವರಿಗೆ ಕಾಸು ಕೊಟ್ಟಿದ್ದರೋ!

ತರುಣನು ಆ ರಾತ್ರಿ ಸಂಘದ ಯಂತ್ರವನ್ನು ನಿಲ್ಲಿಸಿ ಕುಳಿತನು. ಮುಂಬಾಗಿಲಿದ್ದುದರಿಂದ ತಾನು ಬರೆದ ಒಂದು ಸಾಲನ್ನೂ ಮುಟ್ಟಬೇಕಾಗಲಿಲ್ಲ. ಲಾಗ್‌ಬ್ಯಾಕನ್ನು ಕೂರಿಸಿ ವಿನ್ಯಾಸದ ಕಡತವನ್ನು ಮಾತ್ರ ಹೊಸದಾಗಿ ಬರೆದನು. ಕೆಲಸ ಮುಗಿಯಿತೆಂದುಕೊಂಡಾಗ, ರಸೀದಿ ಮುದ್ರಿಸಲು ಬೇರೆಯವರಿಂದ ತಂದಿದ್ದ ಭಾಗದ ಗರ್ಭದಲ್ಲಿ ಅದೇ ಲಾಗ್‌ಫೋರ್‌ಜೆಯ ಇನ್ನೊಂದು ಪ್ರತಿ ಅಡಗಿರುವುದು ಕಂಡಿತು. ಅದನ್ನು ಅವನು ಆರಿಸಿರಲೇ ಇಲ್ಲ. ಹೊತ್ತು ಹೋದದ್ದೆಲ್ಲ ಅದಕ್ಕೇ.

ಬೆಳಗ್ಗೆ ಕಾರ್ಯದರ್ಶಿಗಳು ದೂರವಾಣಿಯಲ್ಲಿ ಕೇಳಿದರು: "ಏನಪ್ಪಾ, ರಾತ್ರಿ ಎಷ್ಟು ಹೊತ್ತು ನಿಲ್ಲಿಸಿದ್ದೆ?"

ಅವನು ಲಾಗನ್ನು ತೆರೆದು ಓದಿ ಹೇಳಿದನು: "ಒಂಬತ್ತು ನಲವತ್ತರಿಂದ ಒಂದೂಕಾಲರವರೆಗೆ, ಸ್ವಾಮಿ."