ಕೊತ್ತಂಬರಿಗೆ ಏಕೆ ಇಷ್ಟು ಅವಸರ?

ಮಕ್ಕಳೇ, ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಶಾಲೆಗಳಿಗೆ ಹೋದಾಗ ನಾನು ಮೊದಲು ನೋಡುವುದು ಕೈತೋಟವನ್ನು. ಮಳೆಗಾಲದಲ್ಲಿ ಎಲ್ಲ ತೋಟವೂ ಹಸಿರೇ. ಬೇಸಿಗೆಯಲ್ಲಿ ಮಾತ್ರ ಒಂದೊಂದು ಗಿಡದ ಗುಣ ತಿಳಿಯುತ್ತದೆ.

ಮಾಗಡಿ ಕಡೆಯ ಒಂದು ಶಾಲೆಯಲ್ಲಿ ಏಳನೇ ತರಗತಿಯವರು ಫೆಬ್ರವರಿಯಲ್ಲಿ ಕೊತ್ತಂಬರಿ ಬಿತ್ತಿದ್ದರು. ಶಾಲೆ ಬಿಡುವ ಮೊದಲು ಬಿಸಿಯೂಟದ ಸಾರಿಗೆ ತಮ್ಮದೇ ಸೊಪ್ಪು ಹಾಕಿಸಬೇಕೆಂಬುದು ಅವರ ಆಸೆ. ಕೊಳವೆಬಾವಿಯಲ್ಲಿ ನೀರು ಕಡಿಮೆ; ಕೈ ತೊಳೆದ ನೀರನ್ನೇ ಪಾತಿಗೆ ಹರಿಸುತ್ತಿದ್ದರು. ಆದರೆ ಮಾರ್ಚ್‌ನಲ್ಲಿ ಗಿಡಗಳು ತೆಳ್ಳನೆಯ ದಂಟು ಎತ್ತಿ, ನೂಲಿನಂಥ ಎಲೆ ಬಿಟ್ಟು, ಹೂವಾದವು.

"ನಮ್ಮ ಮಣ್ಣೇ ಸರಿಯಿಲ್ವಾ ಸಾರ್? ಎಲ್ಲಾ ಕಿತ್ತುಹಾಕೋಣ್ವಾ?" ಎಂದು ಒಬ್ಬಳು ಕೇಳಿದಳು.

ತಪ್ಪು ಮಣ್ಣಿನದಲ್ಲ. ಕೊತ್ತಂಬರಿ ತಂಪು ಹವೆಯ ಗಿಡ. ಬಿಸಿಲು ಏರಿ, ಹಗಲು ಉದ್ದವಾದಂತೆ ಅದು ಎಲೆ ಬೆಳೆಸುವುದನ್ನು ಕಡಿಮೆ ಮಾಡಿ ಹೂ ಬಿಡಲು ಅವಸರಪಡುತ್ತದೆ. ಏಕೆ ಗೊತ್ತೆ? ಬಿಸಿಲಿಗೆ ಗಿಡ ಒಣಗಬಹುದು, ಆದರೆ ಬೀಜ ತಡೆದುಕೊಳ್ಳುತ್ತದೆ.

ಅದೇ ತೋಟದ ಮೂಲೆಯಲ್ಲಿ ದೊಡ್ಡಪತ್ರೆ ಹಸಿರಾಗಿತ್ತು. ಅದರ ಎಲೆ ಮುರಿದು ನೋಡಿ. ದಪ್ಪ ಎಲೆಯಲ್ಲಿ ನೀರಿನ ಸಂಗ್ರಹವಿದೆ. ಮೇಲಿನ ಸಣ್ಣ ರೋಮಗಳು ನೀರು ಬೇಗ ಆವಿಯಾಗದಂತೆ ತಡೆಯುತ್ತವೆ. ಇದಕ್ಕೆ ನೀರು ಹೆಚ್ಚಾದರೇ ಬೇರು ಕೊಳೆಯುತ್ತದೆ!

ಮಕ್ಕಳು ಕೊತ್ತಂಬರಿಯನ್ನು ಕೀಳಲಿಲ್ಲ. ದೊಡ್ಡಪತ್ರೆಯ ಒಂದೊಂದು ಕಡ್ಡಿ ಮುರಿದು ಮನೆಗೆ ಒಯ್ದು ನೆಟ್ಟರು. ಬೇಸಿಗೆ ರಜೆಯಲ್ಲಿ ಊರಲ್ಲೇ ಇದ್ದ ಇಬ್ಬರು ಪಾತಿ ನೋಡಿಕೊಂಡರು. ಜೂನ್‌ನಲ್ಲಿ ಶಾಲೆ ತೆರೆದಾಗ ಒಂದು ಲೋಟದಷ್ಟು ಧನಿಯ ಕೈಗೆ ಬಂದಿತ್ತು. ಬಿತ್ತಿದವರು ಆಗಲೇ ಹೈಸ್ಕೂಲು ಸೇರಿದ್ದರು. ಹೊಸ ಏಳನೇ ತರಗತಿಯವರು ಆ ಧನಿಯವನ್ನು ತಂಪು ಶುರುವಾದ ನವೆಂಬರ್‌ನಲ್ಲಿ ಬಿತ್ತಿದರು. ಈ ಸಲ ಸೊಪ್ಪು ಅಗಲವಾಗಿ ಬಂತು, ಬಿಸಿಯೂಟದ ಸಾರಿಗೂ ಬಿತ್ತು.

ಮಾಡಿ ನೋಡಿ: ಒಂದು ಧನಿಯದ ಉಂಡೆಯೊಳಗೆ ಎರಡು ಬೀಜಗಳಿರುತ್ತವೆ. ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ. ಎರಡು ಕುಂಡಗಳಲ್ಲಿ ಒಂದೇ ಬಗೆಯ ಮಣ್ಣು ತುಂಬಿ, ಒಂದೇ ದಿನ ಬಿತ್ತಿ. ಒಂದನ್ನು ಬಯಲಲ್ಲಿ, ಇನ್ನೊಂದನ್ನು ಮರದ ಅರೆನೆರಳಲ್ಲಿ ಇಡಿ. ಎರಡಕ್ಕೂ ಅಳತೆಯಿಂದ ಸಮನಾಗಿ ನೀರು ಹಾಕಿ. ಯಾವುದು ಮೊದಲು ಹೂ ಬಿಟ್ಟಿತು? ದಿನಾಂಕ ಬರೆದಿಡಿ. ಮುಂದಿನ ವರ್ಷದ ತರಗತಿಗೆ ಆ ಪುಸ್ತಕವನ್ನೂ ಒಂದು ಹಿಡಿ ಬೀಜವನ್ನೂ ಕೊಟ್ಟು ಹೋಗಿ.