ಬಾಯಿ ಕಟ್ಟುವ ಮಾತು

'ಊಟ ಬಲ್ಲವನಿಗೆ ರೋಗವಿಲ್ಲ' ಎಂದು ಹಿರಿಯರು ಹೇಳಿ ಹೋದರು. ತಮ್ಮ ಊಟವನ್ನು ಬಲ್ಲವರು ಎಷ್ಟು ಮಂದಿಯೋ ಕಾಣೆ. ಪರರ ಊಟವನ್ನು ಬಲ್ಲವರಿಗೆ ಮಾತ್ರ ನಮ್ಮಲ್ಲಿ ಬರಗಾಲವಿಲ್ಲ. ತೆಳ್ಳಗಿರುವವನನ್ನು ಕಂಡರೆ, 'ಮನೆಯಲ್ಲಿ ಅನ್ನ ಹಾಕುವುದಿಲ್ಲವೆ?' ಎನ್ನುತ್ತೇವೆ. ದಪ್ಪಗಿರುವವನಿಗೆ, 'ಸ್ವಲ್ಪ ಬಾಯಿ ಕಟ್ಟಯ್ಯ' ಎಂದು ಉಪದೇಶಿಸುತ್ತೇವೆ. ಹೇಳುವವನಿಗೆ ಇದರಿಂದ ಖರ್ಚೇನೂ ಇಲ್ಲ, ಕಷ್ಟವೆಲ್ಲ ಕೇಳುವವನದು.

ನನ್ನ ಅಕ್ಕನ ಮಗಳು ಮೈ ಇಳಿಸಬೇಕೆಂದು ಮೂರು ತಿಂಗಳು ವ್ರತ ಹಿಡಿದವಳಂತೆ ಇದ್ದಳು. ಬೆಳಿಗ್ಗೆ ಒಂದೇ ಇಡ್ಲಿ, ರಾತ್ರಿ ಒಂದು ಲೋಟ ಮಜ್ಜಿಗೆ. ಮೈಯೇನೋ ಇಳಿಯಿತು, ಜೊತೆಗೆ ನಗುವೂ ಇಳಿಯಿತು. ಸಣ್ಣ ಮಾತಿಗೆ ಸಿಡುಕು, ಮರುಗಳಿಗೆ ಕಣ್ಣಲ್ಲಿ ನೀರು. ಒಂದು ರಾತ್ರಿ ಅವಳು ಅಡಿಗೆಮನೆಯ ಕತ್ತಲಲ್ಲಿ ನಿಂತು ಕೋಡುಬಳೆಯ ಡಬ್ಬಿಯನ್ನು ಬರಿದು ಮಾಡುತ್ತಿದ್ದುದನ್ನು ನನ್ನ ತಾಯಿ ಕಂಡರು. ಮರುದಿನ ಮನೆಮಂದಿಯ ತೀರ್ಪು ಒಂದೇ: 'ನಾಲಗೆಯ ಮೇಲೆ ಹತೋಟಿಯಿಲ್ಲ.' ಹುಡುಗಿಯೂ ತಲೆ ತಗ್ಗಿಸಿ ಆ ತೀರ್ಪಿಗೆ ರುಜು ಹಾಕಿದಳು.

ನನಗೆ ಮಾತ್ರ ಅದು ಒಪ್ಪಿಗೆಯಾಗಲಿಲ್ಲ. ಅಮೆರಿಕದ 36 ಮಂದಿ ತರುಣರ ಕಥೆಯನ್ನು ನಾನು ಓದಿದ್ದೆ. 1945ರ ಮಾತು. ಯುದ್ಧದಿಂದ ಹಸಿದ ಜನಕ್ಕೆ ಮತ್ತೆ ಅನ್ನವಿಕ್ಕುವ ಬಗೆ ಹೇಗೆಂದು ತಿಳಿಯಲು ಮಿನೆಸೋಟ ವಿಶ್ವವಿದ್ಯಾನಿಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಪ್ರಯೋಗವೊಂದನ್ನು ನಡೆಸಿದರು. ಮನಸ್ಸಾಕ್ಷಿಗೆ ಕಟ್ಟುಬಿದ್ದು ಬಂದೂಕು ಹಿಡಿಯಲೊಲ್ಲೆವೆಂದ ಈ ತರುಣರು ತಾವಾಗಿ ಮುಂದೆ ಬಂದರು. ದೇಹ, ಮನಸ್ಸು ಎರಡರಲ್ಲೂ ಗಟ್ಟಿಗರೆಂದು ಪರೀಕ್ಷಿಸಿ ಆರಿಸಿದವರು. ಸುಮಾರು ಆರು ತಿಂಗಳು ಅವರಿಗೆ ಅರೆಹೊಟ್ಟೆ: ಆಲೂಗೆಡ್ಡೆ, ಟರ್ನಿಪ್ ಗೆಡ್ಡೆ, ಬ್ರೆಡ್ಡು, ಮೆಕರೋನಿ. ತೂಕದಲ್ಲಿ ಸುಮಾರು ಕಾಲುಭಾಗ ಕರಗಿತು. ಗಟ್ಟಿಗರು ಸಿಡುಕರಾದರು, ಮಂಕಾದರು. ಕೆಲವರು ತಟ್ಟೆ ನೆಕ್ಕಿದರು, ಅಡಿಗೆಯ ಪುಸ್ತಕಗಳನ್ನು ಕೂಡಿಹಾಕಿದರು. ಪ್ರಯೋಗ ಮುಗಿದು ಧಾರಾಳವಾಗಿ ಬಡಿಸಿದಾಗ ಎಷ್ಟು ತಿಂದರೂ ಹಲವರಿಗೆ ತೃಪ್ತಿಯಿಲ್ಲ. ಇವರಿಗೂ ಹತೋಟಿಯಿರಲಿಲ್ಲವೆನ್ನೋಣವೆ?

ಇದರ ಒಳಗುಟ್ಟು ಆಮೇಲೆ ಹೊರಬಿತ್ತು. ಮಿದುಳಿನ ತಳದಲ್ಲಿರುವ ಹೈಪೊಥಾಲಮಸ್ ಎಂಬ ಪುಟ್ಟ ಭಾಗ ನಮ್ಮ ದೇಹದ ಉಗ್ರಾಣಿಕ. 'ಉಗ್ರಾಣ ತುಂಬಿದೆ' ಎಂದು ಅದಕ್ಕೆ ಹೇಳಿಕಳುಹಿಸುವುದು ಕೊಬ್ಬಿನಿಂದ ರಕ್ತಕ್ಕೆ ಸೇರುವ ಲೆಪ್ಟಿನ್. ಇದು ತಿಳಿದದ್ದು 1994ರಲ್ಲಿ. ಬರಿಹೊಟ್ಟೆಯಿಂದ ಹೊರಟು 'ಹಸಿವು, ಹಸಿವು' ಎಂದು ಕೂಗುವುದು ಗ್ರೆಲಿನ್. ಇದನ್ನು ಜಪಾನಿನ ವಿಜ್ಞಾನಿಗಳು 1999ರಲ್ಲಿ ಕಂಡುಹಿಡಿದರು. ಬಾಯಿ ಕಟ್ಟಿ ಮೈ ಕರಗಿದವನಲ್ಲಿ ಮೊದಲನೆಯದು ಇಳಿಯುತ್ತದೆ, ಎರಡನೆಯದು ಏರುತ್ತದೆ. ಬರಗಾಲ ಬಂತೆಂದು ಉಗ್ರಾಣಿಕ ದೇಹದ ಖರ್ಚನ್ನು ತಗ್ಗಿಸಿ, ತಿನ್ನುವ ಆಸೆಯನ್ನು ಹೆಚ್ಚಿಸುತ್ತಾನೆ. ಮಿದುಳು ತೂಕದಲ್ಲಿ ದೇಹದ ನೂರಕ್ಕೆ 2 ಪಾಲು ಮಾತ್ರ. ವಿಶ್ರಾಂತಿಯಲ್ಲಿರುವ ದೇಹದ ಶಕ್ತಿಯಲ್ಲಾದರೋ ಸುಮಾರು ಐದರಲ್ಲೊಂದು ಪಾಲು ಅದಕ್ಕೇ ಬೇಕು. ತನ್ನ ಅನ್ನಕ್ಕೇ ಸಂಚಕಾರ ಬಂದರೆ ಅದು ಸುಮ್ಮನಿದ್ದೀತೆ?

ಇದನ್ನು ಹೇಳಿದಾಗ ತಾಯಿ, 'ಹಾಗಾದರೆ ನಾನು ಏಕಾದಶಿ ಮಾಡುವುದಿಲ್ಲವೇನೋ?' ಎಂದರು. 'ಮಾಡುತ್ತೀರಮ್ಮ, ಆದರೆ ದ್ವಾದಶಿಯ ಬೆಳಿಗ್ಗೆ ಎಲೆ ತುಂಬುತ್ತದೆಯಲ್ಲ! ಅವಳ ಏಕಾದಶಿಗೆ ಮೂರು ತಿಂಗಳಾದರೂ ದ್ವಾದಶಿ ಬರಲಿಲ್ಲ' ಎಂದೆ. ಅವರು ಮರುಮಾತಾಡಲಿಲ್ಲ. ಆ ರಾತ್ರಿ ಮೊಮ್ಮಗಳಿಗೆ ಅನ್ನ, ಹುಳಿ, ಪಲ್ಯ ಬಡಿಸಿ, ಅವಳು ಉಂಡು ಏಳುವವರೆಗೆ ಎದುರಿಗೇ ಕುಳಿತಿದ್ದರು.

ಮನಸ್ಸಿನ ಬಲ ಸುಳ್ಳೆಂದು ನಾನು ಹೇಳುತ್ತಿಲ್ಲ. ಮೈ ಇಳಿಸಬೇಕಾದವರು ವೈದ್ಯರನ್ನು ಕೇಳಿ ನಿಧಾನವಾಗಿ ಇಳಿಸಲಿ. ನೋಡುವ ನಮ್ಮ ಪಾಲಿಗೂ ಒಂದು ಪಥ್ಯವುಂಟು. ಆ ಹಳೆಯ ಗಾದೆಗೆ ಉತ್ತರಾರ್ಧವೊಂದಿದೆಯಲ್ಲವೆ: 'ಮಾತು ಬಲ್ಲವನಿಗೆ ಜಗಳವಿಲ್ಲ.' ಊಟದ ಎಲೆಯ ಮುಂದೆ ಕುಳಿತವರ ಎದುರಿಗಾದರೂ ನಮ್ಮ ಬಾಯನ್ನು ಸ್ವಲ್ಪ ಕಟ್ಟೋಣ.