ಒಂದೊಂದೇ ಗುಟುಕು

1933ರಲ್ಲಿ ಅಮೆರಿಕದ ಮದ್ಯನಿಷೇಧ ಮುಗಿದಾಗ ಮನೆಯಲ್ಲಿ ವೈನ್ ಮಾಡಿಕೊಳ್ಳಲು ಅನುಮತಿ ಸಿಕ್ಕಿತು, ಬಿಯರ್‌ಗೆ ಸಿಗಲಿಲ್ಲ. ಆ ತಡೆ ತೆರವಾಗಲು 45 ವರ್ಷ ಹಿಡಿಯಿತು. 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನಂತೆ ವಯಸ್ಕರೊಬ್ಬರು ವರ್ಷಕ್ಕೆ 100 ಗ್ಯಾಲನ್, ಅಂದರೆ ಸುಮಾರು 378 ಲೀಟರ್ ಬಿಯರನ್ನು ತೆರಿಗೆಯಿಲ್ಲದೆ ಮನೆಯಲ್ಲೇ ತಯಾರಿಸಬಹುದು. ಮಾರುವಂತಿಲ್ಲ.

ಮಾರುವಂತಿಲ್ಲ ಎಂದಮೇಲೆ ಹಂಚಿಕೊಂಡು ಕುಡಿಯುವುದೇ ಸಂಭ್ರಮ!

ಅದೇ ವರ್ಷ ಕೊಲರಾಡೋದ ಬೋಲ್ಡರ್‌ನಲ್ಲಿ ಶಾಲಾ ಮೇಷ್ಟ್ರು ಚಾರ್ಲಿ ಪಾಪಾಜಿಯನ್ ಗೆಳೆಯನೊಂದಿಗೆ ಮನೆಬಿಯರ್ ತಯಾರಕರ ಸಂಘ ಕಟ್ಟಿದರು. 1982ರಲ್ಲಿ ಅದೇ ಊರಿನಲ್ಲಿ ಮೊದಲ ಗ್ರೇಟ್ ಅಮೆರಿಕನ್ ಬಿಯರ್ ಫೆಸ್ಟಿವಲ್ ನಡೆಯಿತು. ಮುಂದೆ ಡೆನ್ವರ್‌ಗೆ ಹೋದ ಈ ಹಬ್ಬದಲ್ಲಿ ಒಂದು ಸಲಕ್ಕೆ ಸುರಿಯುತ್ತಿದ್ದದ್ದು ಒಂದೇ ಔನ್ಸ್, ಸುಮಾರು 30 ಮಿಲಿಲೀಟರ್. ಎಷ್ಟು ಒಳ್ಳೆಯ ಅಳತೆ! ಅಮಲೇರುವ ಮೊದಲೇ ನಾಲಿಗೆ ಹತ್ತಾರು ರುಚಿಗಳನ್ನು ಹೋಲಿಸಿ ನೋಡುತ್ತದೆ. ಜರ್ಮನ್ ಬಗೆಯ ಗೋಧಿ ಬಿಯರ್‌ನಲ್ಲಿ ಬಾಳೆಹಣ್ಣು, ಲವಂಗದ ಪರಿಮಳ ಬರುತ್ತದೆ. ಎರಡನ್ನೂ ಅದಕ್ಕೆ ಯಾರೂ ಹಾಕಿರುವುದಿಲ್ಲ. ಹುದುಗುವಾಗ ಯೀಸ್ಟ್ ತಾನೇ ಹುಟ್ಟಿಸುವ ಘಮ ಅದು.

ಮನೆಬಿಯರ್ ಮಾಡುತ್ತಿದ್ದ ಇಂಥ ಹವ್ಯಾಸಿಗಳೇ ಮುಂದೆ ಉದ್ಯಮ ಕಟ್ಟಿದರು. ಕ್ಯಾಲಿಫೋರ್ನಿಯಾದ ಚಿಕೋದಲ್ಲಿ ಮನೆಬಿಯರ್ ಸಾಮಗ್ರಿಯ ಅಂಗಡಿ ಇಟ್ಟಿದ್ದ ಕೆನ್ ಗ್ರಾಸ್‌ಮನ್ 1980ರಲ್ಲಿ ಬಿಯರ್ ತಯಾರಿಕೆಗೇ ಇಳಿದರು. ಅವರ ಸಿಯೆರಾ ನೆವಾಡಾ ಪೇಲ್ ಏಲ್‌ನ ಹಾಪ್ಸ್ ಹೂವಿನ ಕಹಿಯನ್ನು ಮನೆಬಿಯರ್ ಹುದುಗಿಸುವವರು ಇಂದಿಗೂ ತಮ್ಮ ಪಾತ್ರೆಗಳಲ್ಲಿ ಹುಡುಕುತ್ತಾರೆ.